ಅರ್ಧ ಕಿಲೋ ಕಲ್ಲು, ಆರು ಗ್ರಾಂ ತಾಮ್ರ

ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಇಷ್ಟು ಹತ್ತಿರ ಇದ್ದರೂ ನಮ್ಮ ಕಾಲೇಜಿನ ಮಕ್ಕಳು ತಾಮ್ರದ ಪಾಠವನ್ನು ಸುಮ್ನೆ ಉರು ಹೊಡೆಯುತ್ತಿದ್ದರು. ರಸಾಯನಶಾಸ್ತ್ರ ಹೇಳಿಕೊಡುವ ನನಗೆ ಅದು ಬೇಜಾರಾಗುತ್ತಿತ್ತು. ಲ್ಯಾಬಿನಲ್ಲೇ ಮಾಡಿ ತೋರಿಸೋಣ ಎಂದು ಹೊರಟೆ.

ವಿದ್ಯಾರ್ಥಿಯೊಬ್ಬ ಎರಡು ಥರದ ಕಲ್ಲು ತಂದುಕೊಟ್ಟ. ಒಂದರ ಮೇಲೆ ಪಾಚಿ ಕಟ್ಟಿದ ಹಾಗೆ ಹಸಿರು. ಅದು ಮ್ಯಾಲಕೈಟ್, ಅಂದರೆ ತಾಮ್ರದ ಕಾರ್ಬೊನೇಟ್ ಇರುವ ಕಲ್ಲು. ಇನ್ನೊಂದನ್ನು ಒಡೆದರೆ ಒಳಗೆ ಹಿತ್ತಾಳೆಯ ಹೊಳಪು. ಅದು ಚಾಲ್ಕೋಪೈರೈಟ್, ಅಂದರೆ ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ್ದು.

ಹಸಿರು ಕಲ್ಲು ಅರ್ಧ ಕಿಲೋ ತೆಗೆದುಕೊಂಡು ಚಿರೋಟಿ ರವೆಯಷ್ಟು ಸಣ್ಣಗೆ ಕುಟ್ಟಿ ಜರಡಿ ಹಿಡಿದೆವು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಹಾಕಿ, ಅದಕ್ಕೆ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನವಾಗಿ ಸುರಿದೆ. ಆಮ್ಲಕ್ಕೆ ನೀರು ಹಾಕಲೇಬಾರದು, ಸಿಡಿಯುತ್ತದೆ. ಪುಡಿ ಬಿದ್ದ ಕೂಡಲೇ ಬುಸ್ ಎಂದು ಗುಳ್ಳೆ ಎದ್ದಿತು. ಮಾರನೇ ದಿನ ಬಟ್ಟೆಯಲ್ಲಿ ಸೋಸಿದರೆ ತಿಳಿನೀಲಿ ನೀರು. ತೋಟದವರು ಕೊಳ್ಳುವ ಮೈಲುತುತ್ತವೇ ಅದು!

ಅದರೊಳಗೆ ತುಕ್ಕು ಉಜ್ಜಿ ತೆಗೆದ ಕಬ್ಬಿಣದ ಮೊಳೆಗಳನ್ನು ಹಾಕಿದೆವು. ಹತ್ತೇ ನಿಮಿಷಕ್ಕೆ ತಾಮ್ರ ಕೂತು ಮೊಳೆ ಕೆಂಪಾಯಿತು. ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ಥಟ್ಟನೆ ಹೇಳಿದಳು: “ಸರ್, ನಮ್ಮಪ್ಪ ಅಡಿಕೆಗೆ ಬೋರ್ಡೋ ಮಾಡುವಾಗ ಚಾಕು ಅದ್ದಿ ನೋಡ್ತಾರಲ್ಲ, ಇದೂ ಅದೇ ಅಲ್ವಾ?” ಹೌದು, ಅದೇ. ಬೋರ್ಡೋ ಅಂದರೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಔಷಧಿ. ಚಾಕು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಅವಳಿಗೆ ನಾನು ಹೇಳಿಕೊಡುವುದು ಏನೂ ಉಳಿದಿರಲಿಲ್ಲ. ಹೊಸ ಮೊಳೆ ಕೆಂಪಾಗುವುದು ನಿಂತಾಗ ತಾಮ್ರವೆಲ್ಲ ಇಳಿದಿದೆ ಎಂದು ಗೊತ್ತಾಯಿತು. ಕೆಂಪು ಪುಡಿಯನ್ನು ತೊಳೆದು ಬೇಗ ಒಣಗಿಸಬೇಕು, ಒದ್ದೆ ಬಿಟ್ಟರೆ ಕಪ್ಪಾಗುತ್ತದೆ. ತೂಗಿದರೆ ಆರು ಗ್ರಾಂ.

ಹಿತ್ತಾಳೆ ಬಣ್ಣದ ಕಲ್ಲು ಆಮ್ಲದಲ್ಲಿ ಮೂರು ದಿನ ನೆನೆದರೂ ನೀರು ನೀಲಿಯಾಗಲಿಲ್ಲ. ಇಂಥದ್ದನ್ನು ಗಣಿಗಳಲ್ಲಿ ಹಿಟ್ಟು ಮಾಡಿ, ನೀರಿನಲ್ಲಿ ಗಾಳಿ ಊದಿ, ನೊರೆಯಲ್ಲಿ ತೇಲಿಸಿ ಎತ್ತುತ್ತಾರೆ. ಆಮೇಲೆ ಕುಲುಮೆ. ಚಾಲ್ಕೋಪೈರೈಟ್‌ನಲ್ಲಿ ತಾಮ್ರದಷ್ಟೇ ತೂಕದ ಗಂಧಕ ಇರುತ್ತದೆ. ಒಂದು ಟನ್ ತಾಮ್ರ ತೆಗೆಯುವಾಗ ಆ ಗಂಧಕವೆಲ್ಲ ಉರಿದರೆ ಸುಮಾರು ಎರಡು ಟನ್ ಸಲ್ಫರ್ ಡೈಆಕ್ಸೈಡ್ ಏಳುತ್ತದೆ. ಹಿಡಿದಿಟ್ಟರೆ ಅದರಿಂದಲೇ ಆಮ್ಲ ಮಾಡಬಹುದು, ಬಿಟ್ಟರೆ ಆಮ್ಲ ಮಳೆ. ಚಿಟಿಕೆ ಪುಡಿಯನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿದ್ದಕ್ಕೇ ನಮಗೆಲ್ಲ ಕೆಮ್ಮು ಬಂತು.

ಈಗ ನನ್ನ ತಪ್ಪು ಹೇಳಬೇಕು. ಮೊದಲ ವರ್ಷ ಉಳಿದ ನೀರನ್ನು ಲ್ಯಾಬಿನ ಹಿಂದೆ ಸುರಿಸಿಬಿಟ್ಟೆ. ನೀಲಿ ಹೋಗಿತ್ತಲ್ಲ, ಇನ್ನೇನು ಎಂದುಕೊಂಡೆ. ವಾರದೊಳಗೆ ಅಲ್ಲಿನ ಗರಿಕೆ ಸುಟ್ಟುಹೋಯಿತು. ಗರಿಕೆ ಸುಲಭಕ್ಕೆ ಸಾಯುವ ಹುಲ್ಲಲ್ಲ. ಆ ನೀರಿನಲ್ಲಿ ಆಮ್ಲ ಇನ್ನೂ ಇತ್ತು, ಕರಗಿದ ಕಬ್ಬಿಣವೂ ಇತ್ತು.

ಈಗ ಹಾಗೆ ಮಾಡುವುದಿಲ್ಲ. ಪಿಎಚ್ ಕಾಗದ 9 ತೋರಿಸುವ ತನಕ, ಅಂದರೆ ಆಮ್ಲ ಪೂರ್ತಿ ಹೋಗುವ ತನಕ, ಸುಣ್ಣದ ತಿಳಿ ಹಾಕುತ್ತೇವೆ. ಮೊದಲು ಕೊಳಕು ಹಸಿರು ಗಸಿ ಕೂರುತ್ತದೆ, ಗಾಳಿ ತಾಗಿದಂತೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಆರು ಗ್ರಾಂ ತಾಮ್ರಕ್ಕೆ ಗಸಿಯೇ ಅರ್ಧ ಬಕೆಟ್! ಹಿತ್ತಾಳೆ ಕಲ್ಲಿನ ಚೂರುಗಳನ್ನೂ ಮಳೆಗೆ ಬಿಡುವುದಿಲ್ಲ. ಅದರ ಜೊತೆ ಬರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಕೂಡಿದ ಕಲ್ಲು) ನೀರು, ಗಾಳಿ ಸಿಕ್ಕರೆ ತಾನೇ ಆಮ್ಲ ಹುಟ್ಟಿಸುತ್ತಾ ಹೋಗುತ್ತದೆ. ಗಣಿ ಮುಚ್ಚಿದ ಮೇಲೂ ಕಲ್ಲುಗುಡ್ಡೆಗಳಿಂದ ಕೆಂಪು ನೀರು ಒಸರುವುದು ಇದರಿಂದಲೇ.

ತಾಮ್ರದ ಪುಡಿ ಪುಟ್ಟ ಸೀಸೆಯಲ್ಲಿದೆ. ಅದರ ಪಕ್ಕದಲ್ಲೇ ಗಸಿಯ ಬಕೆಟ್ಟನ್ನೂ ಮುಚ್ಚಳ ಹಾಕಿ ಇಟ್ಟಿದ್ದೇನೆ. ಪ್ರಾಕ್ಟಿಕಲ್ ದಿನ ಮಕ್ಕಳು ಎರಡನ್ನೂ ತೂಗಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು.