ಕರಿನೀರಿಗೆ ಹೋದ ಹಿರಿಯರ ಜಾಡು ಹಿಡಿಯುವುದು ಹೇಗೆ?

‘ನಮ್ಮ ಮುತ್ತಜ್ಜನ ಅಣ್ಣನನ್ನು ಅಂಡಮಾನಿಗೆ ಹಾಕಿದ್ದರಂತೆ.’ ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿಗೇ ನಿಂತುಬಿಡುತ್ತದೆ. ನಾಚಿಕೆಯಿಂದ ಹೆಸರು ಹೇಳುವುದನ್ನೇ ಬಿಟ್ಟವರೂ ಇದ್ದಾರೆ. ಆದರೆ ಹಡಗು ಹತ್ತಿಸಿದ ಕೈದಿಯ ಹೆಸರು, ತಂದೆ, ಜಾತಿ, ಊರು, ಅಪರಾಧವನ್ನೆಲ್ಲ ಬ್ರಿಟಿಷರು ಬರೆದಿಡುತ್ತಿದ್ದರು. ಹುಡುಕಲು ಹೊರಟವರಿಗೆ ಅದೇ ಆಸರೆ.

ಮೊದಲು ಕಾಲವನ್ನು ಅಂದಾಜು ಮಾಡಿ. ಇಸವಿ ಗೊತ್ತಿಲ್ಲದಿದ್ದರೆ ತಲೆಮಾರು ಎಣಿಸಿ. 1876–78ರ ಧಾತು ಬರಕ್ಕೆ ಮುಂಚೆಯೋ, ಆಮೇಲೋ ಎಂದು ಹಿರಿಯರನ್ನು ಕೇಳಿ. ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಹೆಸರು ಶ್ರೀ ವಿಜಯಪುರಂ) ಕೈದಿಗಳ ವಸಾಹತು ಶುರುವಾದದ್ದು 1858ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ದಶಕಗಳಲ್ಲಿ ಕೈದಿಗಳು ಪೆನಾಂಗ್, ಸಿಂಗಾಪುರ, ಮಲಾಕ್ಕಾ, ಬರ್ಮಾ ಕಡೆ ಹೋಗುತ್ತಿದ್ದರು. 1837ರ ಅಮರ ಸುಳ್ಯ ದಂಗೆಯಲ್ಲಿ ಸಿಕ್ಕಿಬಿದ್ದು ಕಡಲಾಚೆ ಹೋದವರನ್ನು ಅಂಡಮಾನಿನ ಕಡತದಲ್ಲಿ ಹುಡುಕಿದರೆ ಶ್ರಮ ದಂಡ. ಸೆಲ್ಯುಲಾರ್ ಜೈಲಿನ ಗೋಡೆಯ ಹೆಸರುಗಳನ್ನೂ ಕೊನೆಯ ಮಾತೆಂದು ನಂಬಬೇಡಿ. ಆ ಜೈಲು ಪೂರ್ತಿಯಾದದ್ದೇ 1906ರಲ್ಲಿ. ಅಲ್ಲಿರುವುದು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿ, ಎಲ್ಲ ಕೈದಿಗಳದ್ದಲ್ಲ.

ಆಮೇಲೆ, ಊರು ಆಗ ಯಾರ ಆಡಳಿತದಲ್ಲಿತ್ತು ನೋಡಿ. ನನ್ನ ಮಟ್ಟಿಗೆ ಇಡೀ ಹುಡುಕಾಟದ ಕೀಲಿ ಇದು: ಕಳಿಸಿದ ದ್ವೀಪಕ್ಕಿಂತ ಮೊದಲು, ಶಿಕ್ಷೆ ಕೊಟ್ಟ ಕೋರ್ಟನ್ನು ಹಿಡಿಯಬೇಕು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಧಾರವಾಡ, ಬೆಳಗಾವಿ ಮುಂಬಯಿಗೆ ಸೇರಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು. ಇಂದಿನ ವಿಜಯಪುರ ಜಿಲ್ಲೆಗೆ 1880ರ ದಶಕದವರೆಗೂ ಕಲಾದಗಿ ಜಿಲ್ಲೆಯೆಂದೇ ಹೆಸರು. ಅದಕ್ಕೆ ತಕ್ಕಂತೆ ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲೋ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರದಲ್ಲೋ ನ್ಯಾಯ ಇಲಾಖೆಯ ಕಡತ ಕೇಳಿ. ಹಳೇ ಮೈಸೂರಿನವರು ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಶುರುಮಾಡಬಹುದು.

ಹೆಸರೊಂದನ್ನೇ ನೆಚ್ಚಿಕೊಳ್ಳಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ; ಬಸಪ್ಪ ‘ಬುಸ್ಸಾಪಾ’ ಆಗಿರಬಹುದು. ‘ಬಸಪ್ಪ ಬಿನ್ ನಿಂಗಪ್ಪ’ ಎಂದು ತಂದೆಯ ಹೆಸರು, ಊರು, ಶಿಕ್ಷೆಯ ವರ್ಷ ಮೂರೂ ಕೂಡಿಬಂದರೆ ಮಾತ್ರ ನಿಮ್ಮವರೆಂದು ತಿಳಿಯಿರಿ. ತೀರ್ಪು ಸಿಕ್ಕರೆ ಪೂರ್ತಿ ಓದಿ. ‘ದರೋಡೆ’ ಎಂದು ದಾಖಲಾದದ್ದರ ಹಿಂದೆ ಬರಗಾಲವೋ ಕಂದಾಯದ ಜಗಳವೋ ಇದ್ದೀತು. ಅದನ್ನು ತಿಳಿಯದೆ ಹಿರಿಯರನ್ನು ವೀರರೆಂದೂ ಕಳ್ಳರೆಂದೂ ಕರೆಯುವುದು ಅನ್ಯಾಯ.

ಈಗ ದ್ವೀಪದ ದಾಖಲೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ಕಡತಗಳಿವೆ. ಅವರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. 1858ಕ್ಕೆ ಮುಂಚಿನವರಿಗಾಗಿ ಸಿಂಗಾಪುರದ ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಿ. ಅಂಡಮಾನಿನ ಕೈದಿಯ ಕೊರಳಲ್ಲಿ ಮರದ ಬಿಲ್ಲೆ ಇರುತ್ತಿತ್ತು. ಅದರ ಮೇಲೆ ಕೈದಿ ಸಂಖ್ಯೆ, ಕಾನೂನಿನ ಕಲಮು, ಶಿಕ್ಷೆಯ ತಾರೀಖು. ಆ ಸಂಖ್ಯೆ ಕಡತದಲ್ಲಿ ಸಿಕ್ಕಿದರೆ ಮುಂದೆ ಹೆಸರಿಗಿಂತ ಅದನ್ನೇ ಹಿಂಬಾಲಿಸಿ.

ಊರಿಗೆ ಮರಳಲಿಲ್ಲ ಎಂದ ಮಾತ್ರಕ್ಕೆ ಜೈಲಿನಲ್ಲೇ ಸತ್ತರೆಂದು ತೀರ್ಮಾನಿಸಬೇಡಿ. ಹಲವು ವರ್ಷ ಒಳ್ಳೆಯ ನಡತೆ ತೋರಿದವರಿಗೆ ಅಲ್ಲೇ ಬೇಸಾಯಕ್ಕೆ ಜಮೀನು ಸಿಗುತ್ತಿತ್ತು, ಮದುವೆಗೂ ಒಪ್ಪಿಗೆ ಇತ್ತು. ಅಂಥವರ ಸಂತತಿಯನ್ನು ಅಂಡಮಾನಿನಲ್ಲಿ ಇಂದಿಗೂ ‘ಲೋಕಲ್ ಬಾರ್ನ್’ ಎನ್ನುತ್ತಾರೆ. ಕೈದಿ ಸಂಖ್ಯೆ, ಊರು, ತಂದೆಯ ಹೆಸರು ಬರೆದಿಟ್ಟುಕೊಂಡು ಪೋರ್ಟ್ ಬ್ಲೇರ್‌ನಲ್ಲಿ ಆ ಸಮುದಾಯದ ಹಿರಿಯರನ್ನೂ ವಿಚಾರಿಸಿ.