ಕುಡಿತ ಬಿಡಲು ಗುಂಪಿನ ನೆರವು: ಹುಡುಕುವುದು ಹೇಗೆ, ಮೊದಲ ದಿನ ಹೋಗುವುದು ಹೇಗೆ?

ಕುಡಿತ ಬಿಡಬೇಕೆಂದುಕೊಂಡವರು ಸಹಾಯ ಗುಂಪಿನ ವಿಳಾಸ ಹುಡುಕುತ್ತಾರೆ, ಫೋನಿನಲ್ಲಿ ಉಳಿಸಿಟ್ಟುಕೊಳ್ಳುತ್ತಾರೆ. ಎಷ್ಟೋ ಮಂದಿಯ ಪ್ರಯತ್ನ ಅಲ್ಲಿಗೇ ನಿಂತುಬಿಡುತ್ತದೆ. ವಿಳಾಸ ಸಿಗುವುದು ಕಷ್ಟವಲ್ಲ, ಬಾಗಿಲು ದಾಟಿ ಒಳಗೆ ಹೋಗುವುದು ಕಷ್ಟ. ಹಾಗಾಗಿ ಇಲ್ಲಿ ಮೊದಲ ಭೇಟಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ವೈದ್ಯರು, ಆಮೇಲೆ ಗುಂಪು

ಬಹುಕಾಲದಿಂದ ದಿನವೂ ವಿಪರೀತ ಕುಡಿಯುತ್ತಿರುವವರು, ಮೀಟಿಂಗ್‌ಗೆ ಹೋಗಬೇಕೆಂದು ಏಕಾಏಕಿ ಕುಡಿತ ನಿಲ್ಲಿಸಬಾರದು. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಚಡಪಡಿಕೆ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂದೇ ತಿಳಿಯದಂತಾಗುವುದು ಕೂಡ ಉಂಟು. ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಇದನ್ನು ನಿಭಾಯಿಸುವುದು ವೈದ್ಯರ ಕೆಲಸ, ಗುಂಪಿನದ್ದಲ್ಲ.

ಯಾವ ಗುಂಪು?

ಎಲ್ಲರಿಗೂ ಗೊತ್ತಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರ ಭೇಟಿಯಿಂದ ಇದು ಹುಟ್ಟಿತು. ಸದಸ್ಯರಾಗಲು ಕುಡಿತ ಬಿಡುವ ಆಸೆ ಇದ್ದರೆ ಸಾಕು. ಶುಲ್ಕ ಇಲ್ಲ. ಕೊನೆಗೆ ಕಾಣಿಕೆ ಸಂಗ್ರಹಿಸುತ್ತಾರೆ, ಹೊಸಬರು ಹಾಕಲೇಬೇಕೆಂದೇನೂ ಇಲ್ಲ.

ಕುಡಿತದಿಂದ ಹೊರಬರಲು ಸದಸ್ಯರು ಒಂದೊಂದಾಗಿ ಅನುಸರಿಸುವ ಎಎಯ 12 ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪ ಬರುತ್ತದೆ. ‘ನೀವು ಅರ್ಥ ಮಾಡಿಕೊಂಡಂಥ ದೇವರು’ ಎಂಬ ಸಡಿಲಿಕೆ ಇದ್ದರೂ ಕೆಲವರಿಗೆ ಅದು ಒಗ್ಗುವುದಿಲ್ಲ. ಅಂಥವರು ಆಲೋಚನೆ, ವರ್ತನೆ ಬದಲಿಸುವ ತಂತ್ರಗಳನ್ನು ಕಲಿಸುವ ಸ್ಮಾರ್ಟ್ ರಿಕವರಿಯನ್ನು ನೋಡಬಹುದು. ಮಹಿಳೆಯರಿಗೆಂದೇ 1975ರಿಂದ ವಿಮೆನ್ ಫಾರ್ ಸೊಬ್ರೈಟಿ ಇದೆ. ಕುಡಿಯುವವರ ಮನೆಮಂದಿಗೆ ಅಲ್-ಅನಾನ್, ಹದಿಹರೆಯದ ಮಕ್ಕಳಿಗೆ ಅಲಟೀನ್.

‘ಇದರಿಂದ ನಿಜಕ್ಕೂ ಪ್ರಯೋಜನ ಇದೆಯೇ?’ ಎನ್ನುವವರಿಗೆ ಒಂದು ಉತ್ತರ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ, 27 ಅಧ್ಯಯನಗಳನ್ನು ಪರಿಶೀಲಿಸಿದ 2020ರ ವರದಿಯ ಪ್ರಕಾರ, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಎಎ ಮತ್ತು ಅದಕ್ಕೆ ಜನರನ್ನು ಜೋಡಿಸುವ ಚಿಕಿತ್ಸೆಗಳು ಬೇರೆ ವಿಧಾನಗಳಿಗೆ ಸಮ, ಕೆಲವೊಮ್ಮೆ ಅವಕ್ಕಿಂತ ಮೇಲು.

ಹುಡುಕಾಟ

ಸಂಸ್ಥೆಯ ಜಾಲತಾಣದಲ್ಲಿ ಮೀಟಿಂಗ್ ಪಟ್ಟಿ ಇರುತ್ತದೆ. ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರನ್ನೂ ಕೇಳಬಹುದು. ಪಟ್ಟಿಗಳು ಹಳತಾಗಿರುವುದುಂಟು, ಹೊರಡುವ ಮೊದಲು ಫೋನ್ ಮಾಡಿ. ಮೀಟಿಂಗ್ ‘ಓಪನ್’ ಅಥವಾ ‘ಕ್ಲೋಸ್ಡ್’ ಎಂಬುದನ್ನೂ ಕೇಳಿಕೊಳ್ಳಿ. ಓಪನ್ ಆದರೆ ಮನೆಯವರನ್ನೋ ಸ್ನೇಹಿತರನ್ನೋ ಕರೆದೊಯ್ಯಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಹೆಸರುವಾಸಿಯಾದರೂ ದೂರದಲ್ಲಿರುವ ಗುಂಪಿಗಿಂತ, ಬೇಸರವಾದ ದಿನವೂ ಹೋಗಿಬರಬಹುದಾದ ಹತ್ತಿರದ ಗುಂಪೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಮೊದಲ ದಿನ

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ ಹೋದರೆ ಎಲ್ಲರ ಕಣ್ಣೂ ನಿಮ್ಮ ಮೇಲೆ ಎನಿಸುತ್ತದೆ, ಅದೇ ನೆಪದಲ್ಲಿ ವಾಪಸ್ ಬರುವುದೂ ಸುಲಭವಾಗುತ್ತದೆ. ಮೊದಲು ಎದುರಾದವರಿಗೆ ‘ನಾನು ಹೊಸಬ’ ಅಥವಾ ‘ಹೊಸಬಳು’ ಎಂದರೆ ಸಾಕು, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ. ಪೂರ್ತಿ ಹೆಸರು, ಉದ್ಯೋಗ ಹೇಳಬೇಕಿಲ್ಲ.

ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯ ಕಾರ್ಯಕ್ರಮ. ಏನನ್ನೋ ಓದುತ್ತಾರೆ, ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಆಮೇಲೆ ಉಳಿದವರ ಸರದಿ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳುತ್ತೇನೆ ಅಷ್ಟೆ’ ಎನ್ನಬಹುದು, ಯಾರೂ ಒತ್ತಾಯ ಮಾಡುವುದಿಲ್ಲ. ಎಎ ಮೀಟಿಂಗ್‌ಗಳಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಪದೇಶ ಮಾಡದಿರುವುದು ವಾಡಿಕೆ. ಕಣ್ಣೀರು ಹಾಕಿದವರಿಗೂ ತಕ್ಷಣ ಯಾರೂ ಸಮಾಧಾನ ಹೇಳದಿರುವುದು ಹೊಸಬರಿಗೆ ವಿಚಿತ್ರ ಎನಿಸೀತು. ಅದು ಉದಾಸೀನವಲ್ಲ, ಮಾತು ಪೂರ್ತಿ ಹೇಳಿಕೊಳ್ಳಲು ಬಿಡುವ ಕ್ರಮ.

ಅಂದು ಕುಡಿದಿದ್ದರೆ? ಗಲಾಟೆ ಮಾಡದೆ ಕುಳಿತು ಕೇಳುವುದಾದರೆ ಹಲವು ಗುಂಪುಗಳು ಬೇಡ ಎನ್ನುವುದಿಲ್ಲ. ಆದರೆ ಗಾಡಿ ಓಡಿಸಿಕೊಂಡು ಹೋಗಬೇಡಿ.

ಮುಗಿದ ತಕ್ಷಣ ಎದ್ದು ಓಡಬೇಡಿ. ಕುರ್ಚಿ ಎತ್ತಿಡುವ ಹೊತ್ತಿನ ಹರಟೆಯಲ್ಲೇ ಪರಿಚಯ ಬೆಳೆಯುವುದು. ಒಬ್ಬಿಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಕುಡಿಯಬೇಕೆನಿಸಿದ ಗಳಿಗೆಯಲ್ಲಿ ಮುಂದಿನ ವಾರದ ಮೀಟಿಂಗ್‌ಗಿಂತ ಆ ನಂಬರ್ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರ. ‘ಇಲ್ಲಿ ಕೇಳಿದ್ದು ಇಲ್ಲೇ ಇರಲಿ’ ಎಂಬುದು ಗುಂಪಿನ ನಡುವಿನ ನಂಬಿಕೆ, ವೈದ್ಯರು-ವಕೀಲರಿಗಿರುವಂಥ ಕಾನೂನಿನ ಕಟ್ಟುಪಾಡಲ್ಲ. ಕೇಸು, ಕೋರ್ಟಿನ ವಿಚಾರಗಳನ್ನು ವಕೀಲರ ಬಳಿಯೇ ಮಾತಾಡಿ.

ಒಗ್ಗದಿದ್ದರೆ

ಒಂದೇ ಸಂಸ್ಥೆಯದ್ದಾದರೂ ಒಂದೊಂದು ಗುಂಪಿನ ಜಾಯಮಾನ ಒಂದೊಂದು. ನಾಲ್ಕಾರು ಬೇರೆ ಬೇರೆ ಮೀಟಿಂಗ್‌ಗಳಿಗೆ ಹೋಗಿ ನೋಡದೆ ‘ಇದು ನನಗಲ್ಲ’ ಎನ್ನಬೇಡಿ. ನಂತರ ಎಎಯಲ್ಲಿ ಒಬ್ಬ ‘ಸ್ಪಾನ್ಸರ್’ ಸಿಗುತ್ತಾರೆ. ಹೆಜ್ಜೆಗಳಲ್ಲಿ ಜೊತೆಯಾಗುವ ಹಳೆಯ ಸದಸ್ಯರು ಅವರು, ವೈದ್ಯರಲ್ಲ, ಸಾಲ ಕೊಡುವವರೂ ಅಲ್ಲ. ಹೊಂದದಿದ್ದರೆ ಬದಲಿಸಿಕೊಳ್ಳಬಹುದು. ಯಾರಾದರೂ ಹಣ ಕೇಳಿದರೆ, ವೈದ್ಯರು ಬರೆದ ಮಾತ್ರೆ ಬಿಡಲು ಹೇಳಿದರೆ, ಹೊಸಬರ ಜೊತೆ ಪ್ರಣಯಕ್ಕೆ ಇಳಿದರೆ ಆ ಗುಂಪು ಬಿಟ್ಟು ಇನ್ನೊಂದಕ್ಕೆ ಹೋಗಿ.

ನಡುವೆ ಮತ್ತೆ ಕುಡಿದುಬಿಟ್ಟರೆ ಮುಂದಿನ ಮೀಟಿಂಗ್‌ಗೆ ಹೋಗಿ ಇದ್ದದ್ದು ಹೇಳಿ. ಅಲ್ಲಿ ಕುಳಿತವರಲ್ಲಿ ಅನೇಕರು ಅದನ್ನು ದಾಟಿಯೇ ಬಂದಿರುತ್ತಾರೆ. ಆ ಕುಡಿತ ದಿನಗಟ್ಟಲೆ ಮುಂದುವರಿದಿದ್ದರೆ ಮಾತ್ರ, ನಿಲ್ಲಿಸುವ ಮೊದಲು ಮತ್ತೊಮ್ಮೆ ವೈದ್ಯರನ್ನು ಕಾಣಿ.