ಸ್ಟಾರ್ಟ್ ಆಗಿ ಆಫ್ ಆಗುವ ಹಳೇ ಗಾಡಿ: ಗಡಿಯಾರ ಹಿಡಿದು ರೋಗ ಹುಡುಕಿದ್ದು

ಗಾಡಿ ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಎಂದು ಗಡಿಯಾರ ನೋಡಿದರೆ ರೋಗ ಸಿಗುತ್ತದೆ ಎಂದಾಗ ನಕ್ಕವರೇ ಜಾಸ್ತಿ. ಈಗ ಗಾಡಿ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಬ್ಯುರೇಟರ್ ಇರುವ ಹಳೇ ಪೆಟ್ರೋಲ್ ಕಾರು. ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಎಂಬ ಸ್ವಿಚ್ಚಿನಿಂದ ಕಿಡಿ ಹುಟ್ಟಿಸುವ ಹಳೇ ವ್ಯವಸ್ಥೆ), ಎಂಜಿನ್ ಮೇಲೇ ಕೂತ ಎಸಿ ಪಂಪ್ (ಏರ್ ಕಂಡೀಷನರ್ ಅಲ್ಲ, ಎಂಜಿನ್ನೇ ಓಡಿಸುವ ಪೆಟ್ರೋಲ್ ಪಂಪ್). ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಎರಡು ಸಲ ಕೆಮ್ಮಿ ಆಫ್. ಹತ್ತು ನಿಮಿಷ ಬಿಟ್ಟರೆ ಮತ್ತೆ ಒಂದೇ ಸೆಲ್ಫಿಗೆ ಸ್ಟಾರ್ಟ್.

ನೋಡಿದ ಮೆಕ್ಯಾನಿಕ್‌ಗಳು ಒಬ್ಬೊಬ್ಬರು ಒಂದೊಂದು ಹೇಳಿದರು. ಬಿಸಿಗೆ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕೈ ಕೊಡುತ್ತಿದೆ ಎಂದರು ಒಬ್ಬರು. ಕಾಯಿಲ್, ಕಂಡೆನ್ಸರ್ ಎರಡೂ ಹೊಸದಾಯಿತು, ಕಥೆ ಅದೇ. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ಪೂರ್ತಿ ಕಿಟ್ ಹಾಕಿದರು. ಎಸಿ ಪಂಪಿನ ಡಯಾಫ್ರಾಮ್ ಬದಲಾಯಿತು. ಕೊನೆಗೆ ಬಾನೆಟ್ ಒಳಗೆ ಎಲೆಕ್ಟ್ರಿಕ್ ಪಂಪ್ ಬಂತು. ಅದು ಬಂದ ಮೇಲೆ ಗಾಡಿ ಇನ್ನೂ ಬೇಗ ಆಫ್ ಆಗತೊಡಗಿತು! ಅಷ್ಟರಲ್ಲಿ ಖರ್ಚಾಗಿದ್ದು, ಗಾಡಿಯನ್ನು ಗುಜರಿಗೆ ಹಾಕಿದರೆ ಬರುವ ದುಡ್ಡಿನ ಮುಕ್ಕಾಲು ಪಾಲು. ಹಾಕಿಬಿಡಿ ಎಂದವರೂ ಇದ್ದರು.

ಎಲೆಕ್ಟ್ರಿಕ್ ಪಂಪ್ ಕಿತ್ತು ಎಸಿ ಪಂಪನ್ನೇ ವಾಪಸ್ ಹಾಕಿ ನಾನೇ ಕೂತೆ. ಕೀ ಬಿಟ್ಟ ತಕ್ಷಣ ಆಫ್ ಆದರೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್ಲಿಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ನೋಡಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ಹಾಗಲ್ಲ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಸುಮಾರು 3 ನಿಮಿಷ ಓಡುತ್ತಿತ್ತು. ಆಫ್ ಆದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, 3000 ಆರ್‌ಪಿಎಂ ಹತ್ತಿರ ರೇಸ್ ಹಿಡಿದೆ. ಒಂದು ನಿಮಿಷಕ್ಕೇ ಆಫ್. ಬೇರೆ ಬೇರೆ ದಿನ ನೋಡಿದರೂ ಹೆಚ್ಚು ಕಮ್ಮಿ ಇದೇ ಲೆಕ್ಕ.

ಹೊತ್ತು ಬೇರೆ ಬೇರೆ, ಆದರೆ ಕುಡಿದ ಪೆಟ್ರೋಲ್ ಹೆಚ್ಚು ಕಮ್ಮಿ ಒಂದೇ. ಅಂದರೆ ಎಂಜಿನ್ ಬರೀ ಫ್ಲೋಟ್ ಬೌಲ್‌ನಲ್ಲಿ (ಕಾರ್ಬ್ಯುರೇಟರಿನೊಳಗೆ ಸ್ವಲ್ಪ ಪೆಟ್ರೋಲ್ ನಿಲ್ಲುವ ಬಟ್ಟಲು) ಇದ್ದದ್ದನ್ನು ಕುಡಿದು ಮುಗಿಸುತ್ತಿದೆ, ಹಿಂದಿನಿಂದ ಏನೂ ಬರುತ್ತಿಲ್ಲ. ಕಾಯಿಲ್ಲಿಗೆ ಪೆಟ್ರೋಲ್ ಅಳೆಯಲು ಬರುತ್ತದಾ? ಆದರೂ ಖಾತ್ರಿಗೆ ಕಾಯಿಲ್‌ನ ಪ್ಲಸ್‌ನಿಂದ ಒಂದು ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ ಬಲ್ಬ್ ಇಟ್ಟೆ. ಕಿಡಿ ಹೋದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನೂ ಪ್ಲಗ್ ವೈರಿಗೆ ಸಿಕ್ಕಿಸಿದೆ. ಎಂಜಿನ್ ಕೆಮ್ಮುವಾಗಲೂ ಬಲ್ಬ್ ಉರಿಯುತ್ತಿತ್ತು, ಟೈಮಿಂಗ್ ಲೈಟ್ ಮಿನುಗುತ್ತಿತ್ತು. ಕರೆಂಟಿನ ಕಡೆ ಮುಗಿಯಿತು.

ಮುಂದಿನದು ಬಾಟಲಿ. ಎಸಿ ಪಂಪಿನ ಒಳಬರುವ ಪೈಪಿಗೆ ಬೇರೆ ಬಾಟಲಿಯ ಪೆಟ್ರೋಲ್ ಕೊಟ್ಟೆ. ಗಾಡಿ ಆಫ್ ಆಗಲೇ ಇಲ್ಲ. ನಾನೇ ಕೀ ತಿರುಗಿಸಿ ಆಫ್ ಮಾಡಬೇಕಾಯಿತು. (ಬಾಟಲಿ ಸೈಲೆನ್ಸರ್ ಮ್ಯಾನಿಫೋಲ್ಡಿಂದ ದೂರ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.) ಪಂಪ್, ಕಾರ್ಬ್ಯುರೇಟರ್ ಎರಡೂ ಸರಿ ಇವೆ ಎಂದಾಯಿತು. ಟ್ಯಾಂಕಿಗೆ ಗಾಳಿ ಹೋಗದಿದ್ದರೂ ಪೆಟ್ರೋಲ್ ನಿಲ್ಲುತ್ತದೆ ಎಂದು ಅದರ ಮುಚ್ಚಳ ಸಡಿಲ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ.

ಉಳಿದದ್ದು ಟ್ಯಾಂಕಿನಿಂದ ಪಂಪಿನ ತನಕ ಬರುವ ಲೈನ್. ಅದಕ್ಕೆ ಎಲ್ಲರೂ ಗಾಳಿ ಹೊಡೆದಿದ್ದರು. ಟ್ಯಾಂಕಿನೊಳಗೆ ಬುಳಬುಳ ಎಂದಿತ್ತು, ಕ್ಲಿಯರ್ ಇದೆ ಎಂದು ಮುಚ್ಚಿದ್ದರು. ನಾನು ಪಂಪಿನ ಮುಂಚೆ ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಹಾಕಿ, ಪಂಪ್ ಎಷ್ಟು ಜೋರಾಗಿ ಎಳೆಯುತ್ತಿದೆ ಎಂದು ತೋರಿಸುವ ವ್ಯಾಕ್ಯೂಮ್ ಗೇಜ್ ಕೂರಿಸಿದೆ. ಮೊದಲು ಮುಳ್ಳು 1 ಇಂಚಿನ ಹತ್ತಿರ ಇತ್ತು. ಅರ್ಧ ನಿಮಿಷ ಆಗುವಷ್ಟರಲ್ಲಿ ಮೆಲ್ಲಗೆ ಏರಿ 7-8ಕ್ಕೆ ನಿಂತಿತು, ಅಂದರೆ ಲೈನ್ ಎಲ್ಲೋ ಕಟ್ಟಿಕೊಳ್ಳುತ್ತಿದೆ. ಎಂಜಿನ್ ಮಾತ್ರ ಇನ್ನೂ ಆರಾಮಾಗಿ ಓಡುತ್ತಿತ್ತು, ಬೌಲ್ ತುಂಬಿತ್ತಲ್ಲ!

ಕಳ್ಳ ಸಿಕ್ಕಿದ್ದು ಟ್ಯಾಂಕಿನ ಪಕ್ಕದ ಗೇಣುದ್ದದ ರಬ್ಬರ್ ಹೋಸಿನಲ್ಲಿ. ಹೊರಗೆ ಒಂದು ಬಿರುಕೂ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ಒಳಪದರ ಎದ್ದು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಗಾಳಿ ಹೊಡೆದರೆ ಗೋಡೆಗೆ ಅಂಟಿ ದಾರಿ ಬಿಡುತ್ತದೆ, ಎಳೆದರೆ ಬಾಯಿ ಮುಚ್ಚುತ್ತದೆ. ಎಲೆಕ್ಟ್ರಿಕ್ ಪಂಪ್ ಜೋರಾಗಿ ಎಳೆದದ್ದಕ್ಕೇ ಬೇಗ ಮುಚ್ಚುತ್ತಿತ್ತು. ಸುಮ್ಮನೆ ಬಿಟ್ಟರೆ ನಾಲಿಗೆ ಸಡಿಲವಾಗಿ ಮತ್ತೆ ಪೆಟ್ರೋಲ್ ಬರುತ್ತಿತ್ತು. ಹೊಸ ಹೋಸು, ಎರಡು ಕ್ಲಿಪ್ಪು: ಕಾರ್ಬ್ಯುರೇಟರ್ ಕಿಟ್ಟಿನ ಇಪ್ಪತ್ತನೇ ಒಂದು ಪಾಲೂ ಆಗಲಿಲ್ಲ. ಟ್ಯಾಂಕ್ ಇಳಿಸದೆ ಆ ಕ್ಲಿಪ್ ಬಿಗಿ ಮಾಡಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ಕುತೂಹಲಕ್ಕೆ, ಸಿಕ್ಕಿದ ನಾಲ್ಕೈದು ತರಹದ ಹೋಸಿನ ತುಂಡುಗಳನ್ನು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಕೆಲವು ವಾರ ನೆನೆಸಿಟ್ಟೆ. ಅಗ್ಗದ್ದೊಂದು ಬೆರಳಲ್ಲಿ ಒತ್ತಿದರೆ ಮೆತ್ತಗೆ, ದಪ್ಪವೂ ಆಗಿತ್ತು, ಪೆಟ್ರೋಲ್ ಕಪ್ಪಾಗಿತ್ತು. ಎಥನಾಲ್‌ಗೆ ತಡೆಯುತ್ತದೆ ಎಂದು ಬರೆದಿದ್ದ ಹೋಸು ಹಾಗೇ ಇತ್ತು. ಗಾಡಿಗೆ ಅದನ್ನೇ ಹಾಕಿದ್ದೇನೆ. ಗೇಜ್ ಇನ್ನೂ ತೆಗೆದಿಲ್ಲ, ಅರ್ಧ ಗಂಟೆ ಓಡಿಸಿದರೂ ಮುಳ್ಳು 1 ದಾಟುತ್ತಿಲ್ಲ. ಎಲೆಕ್ಟ್ರಿಕ್ ಪಂಪ್ ಡಬ್ಬಿಯಲ್ಲೇ ಬಿದ್ದಿದೆ.